ಎಕ್ಸ್‌ಅರೇ: ರಾಶಿ ಕೂಡಿಸಿತು, ಚೀಟಿ ಒಂದೇ ಉಳಿಸಿತು

"ಆ ವರ್ಷ ಮಳಿನ ಆಗಿಲ್ಲಂದ್ರ ನಮ್ಮ ಮನಿ ಗ್ವಾಡಿ ಯಾಕ ಬಿತ್ತು?"

ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ಗ್ರಾಫ್ ನೋಡಿ ಅಪ್ಪ ಕೇಳಿದ್ದು. ನಮ್ಮೂರು ಮಾನ್ವಿ ತಾಲೂಕಿನಲ್ಲಿ, ತುಂಗಭದ್ರೆ ದಂಡೆಗೆ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ, ಅಕ್ಟೋಬರ್ ಮೊದಲಿಗೆ ನುಗ್ಗಿದ ಹೊಳೆ ನಮ್ಮ ಕಡೆ ಯಾರೂ ಮರೆತಿಲ್ಲ. ಆಚೆ ದಂಡೆಯ ಮಂತ್ರಾಲಯಕ್ಕೂ ನೀರು ಹೊಕ್ಕಿತ್ತು. ನನ್ನ ಗ್ರಾಫಿನಲ್ಲಿ ಮಾತ್ರ ಆ ವರ್ಷ ನೆಲಕ್ಕೆ ಅಂಟಿದ ಗೆರೆ.

ರಾಯಚೂರಿನಲ್ಲಿ ಕೂತು ಮೂವತ್ತು ವರ್ಷದ ಮಳೆ ಲೆಕ್ಕ ಹಾಕುತ್ತಿರುವ ಸಂಶೋಧನಾ ವಿದ್ಯಾರ್ಥಿ ನಾನು. ಡೇಟಾ ಯುರೋಪಿನ ಇಆರ್‌ಎ5 ಎಂಬ ಹವಾಮಾನ ದಾಖಲೆ, 0.25 ಡಿಗ್ರಿಯ ಚೌಕಗಳು, ಗಂಟೆಗೊಂದು ಅಂಕಿ. ವರ್ಷಕ್ಕೊಂದರಂತೆ ನೆಟ್‌ಸಿಡಿಎಫ್ (ಇಂಥ ಅಂಕಿಗಳನ್ನು ವಿವರದ ಸಮೇತ ಇಡುವ ನಮೂನೆ) ಫೈಲ್ ಮಾಡಿಟ್ಟುಕೊಂಡು, ಪೈಥಾನ್ ಭಾಷೆಯ ಎಕ್ಸ್‌ಅರೇ ಎಂಬ ಲೈಬ್ರರಿಯಿಂದ ಒಟ್ಟಿಗೆ ಕೂಡಿಸಿದೆ. (2014ರಲ್ಲಿ ಬಂದಾಗ ಇದರ ಹೆಸರು ಎಕ್ಸ್‌ರೇ. 2016ರಲ್ಲಿ ಬದಲಾಯಿಸಿದರು, ಒಳ್ಳೆಯದೇ ಆಯಿತು.)

ಕೂಡಿಸುವ ಕೆಲಸದಲ್ಲಿ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ‘ಓಪನ್ ಎಂಎಫ್ ಡೇಟಾಸೆಟ್’ ಎಂಬ ಕಮಾಂಡ್ ಕೊಟ್ಟರೆ ಮೂವತ್ತು ಫೈಲೂ ಸಾಲಾಗಿ ಬಂದು ನಿಲ್ಲುತ್ತವೆ, 8 ಜಿಬಿಯ ನನ್ನ ಹಳೇ ಲ್ಯಾಪ್‌ಟಾಪ್ ಉಸಿರೆತ್ತುವುದಿಲ್ಲ. ಅಕ್ಷಾಂಶ 16.2, ರೇಖಾಂಶ 77.35 ಕೊಟ್ಟು ಹತ್ತಿರದ ಚೌಕ ಕೇಳಿದರೆ ರಾಯಚೂರು ಕೈಗೆ ಬರುತ್ತದೆ. ದುಡ್ಡೂ ಕೊಡಬೇಕಿಲ್ಲ.

ಎಡವಟ್ಟಾಗಿದ್ದು ಚೀಟಿಯಲ್ಲಿ, ಅಂದರೆ ಅಂಕಿಗಳ ಜೊತೆ ಫೈಲಿನಲ್ಲೇ ಬರೆದಿರುವ ವಿವರಗಳಲ್ಲಿ. ಇಆರ್‌ಎ5 ಮಳೆಯನ್ನು ಮೀಟರ್‌ನಲ್ಲಿ ಕೊಡುತ್ತದೆ. ನಾನು ಎಲ್ಲ ಫೈಲುಗಳನ್ನೂ ಸಾವಿರದಿಂದ ಗುಣಿಸಿ, ಯೂನಿಟ್ಸ್ ಜಾಗದಲ್ಲಿ ‘ಮಿಮೀ’ ಎಂದು ನಾನೇ ಬರೆದಿಟ್ಟಿದ್ದೆ. 2009ರ ಫೈಲ್ ಕೆಟ್ಟಿತ್ತು. ಮತ್ತೆ ಇಳಿಸಿಕೊಂಡವನು ಗುಣಿಸಲು ಮರೆತೆ. ತಪ್ಪು ನನ್ನದೇ. ಆದರೆ ಆ ಫೈಲ್ ಸುಳ್ಳು ಹೇಳಿರಲಿಲ್ಲ, ಅದರ ಮೈಮೇಲೆ ‘ಮೀಟರ್’ ಅಂತಲೇ ಇತ್ತು. ಕೂಡಿಸುವಾಗ ಎಕ್ಸ್‌ಅರೇ ಮೊದಲ ಫೈಲಿನ ವಿವರಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಸದ್ದಿಲ್ಲದೆ ಬಿಟ್ಟಿತು. ಹತ್ತು ಮಂದಿ ರೈತರ ಭತ್ತವನ್ನು ಅಡತಿ ಅಂಗಡಿಯಲ್ಲಿ ಒಂದೇ ರಾಶಿಗೆ ಸುರಿದು, ಮೊದಲ ಚೀಲದ ಚೀಟಿಯನ್ನೇ ರಾಶಿಗೆ ಸಿಕ್ಕಿಸಿದ ಹಾಗೆ. ಎಚ್ಚರಿಕೆಯ ಒಂದು ಸಾಲೂ ಇಲ್ಲ.

ಇದಕ್ಕೆ ‘ಕಂಬೈನ್ ಆಟ್ರ್ಸ್’ ಎಂಬ ಆಯ್ಕೆಯಿದೆ. ನೀವು ಏನೂ ಹೇಳದಿದ್ದರೆ ಅದು ‘ಓವರ್‌ರೈಡ್’, ಅಂದರೆ ಮೊದಲನೆಯದೇ ಸರಿ. ‘ಡ್ರಾಪ್ ಕಾನ್‌ಫ್ಲಿಕ್ಟ್ಸ್’ ಕೊಟ್ಟರೆ ತಾಳೆಯಾಗದ್ದನ್ನು ಕಿತ್ತು ಹಾಕುತ್ತದೆ. ಯೂನಿಟ್ಸೇ ಕಾಣದಿದ್ದಾಗ ಅನುಮಾನವಾದರೂ ಬರುತ್ತದೆ. ‘ನೋ ಕಾನ್‌ಫ್ಲಿಕ್ಟ್ಸ್’ ಕೊಟ್ಟರೆ ತಾಳೆಯಾಗದ ಕಡೆ ಕೆಲಸವನ್ನೇ ನಿಲ್ಲಿಸುತ್ತದೆ. ನನಗೆ ಬೇಕಿದ್ದದ್ದು ಇದೇ. ಖುಷಿಯಿಂದ ಹಾಕಿದೆ, ನಿಂತಿತು. ಆದರೆ ಜಗಳ ಯೂನಿಟ್ಸ್‌ನದ್ದಲ್ಲ, ‘ಹಿಸ್ಟರಿ’ಯದು! ಫೈಲ್ ತಯಾರಾದ ದಿನ, ಗಂಟೆ, ನಿಮಿಷ ಅಲ್ಲಿರುವುದರಿಂದ ಎರಡು ಫೈಲಿನ ಹಿಸ್ಟರಿ ಒಂದೇ ಆಗಿರುವುದು ಅಪರೂಪ. ಕೊನೆಗೆ, ಕೂಡಿಸುವ ಮುನ್ನ ಪ್ರತಿ ಫೈಲಿನ ಮೇಲೂ ಓಡುವ ‘ಪ್ರಿಪ್ರೊಸೆಸ್’ಗೆ ಎರಡು ಸಾಲಿನ ಫಂಕ್ಷನ್ ಕೊಟ್ಟು, ಪ್ರತಿ ಫೈಲಿನಿಂದ ಹಿಸ್ಟರಿ ತೆಗೆದ ಮೇಲೆ 2009 ಸಿಕ್ಕಿಬಿತ್ತು. ಹಿಸ್ಟರಿ ಬೇಕೆನ್ನುವವರು ಬೇರೆ ಕಡೆ ಬರೆದಿಟ್ಟುಕೊಳ್ಳಬೇಕು. ಈ ವಿಷಯದಲ್ಲಿ ನೆಟ್‌ಸಿಡಿಎಫ್ ಫೈಲುಗಳನ್ನೇ ಕೂಡಿಸುವ ಇನ್ನೊಂದು ಸಲಕರಣೆ, ಎನ್‌ಸಿಒದ ‘ಎನ್‌ಸಿಆರ್‌ಕ್ಯಾಟ್’ ಮೇಲು: ಯಾವ ಕಮಾಂಡ್ ಓಡಿಸಿದಿರಿ ಎಂಬುದನ್ನು ತಾನೇ ಹಿಸ್ಟರಿಗೆ ಸೇರಿಸುತ್ತದೆ. ಮೊದಲ ಫೈಲನ್ನು ನಂಬುವ ಚಾಳಿ ಅದಕ್ಕೂ ಇದೆ, ಅದು ಬೇರೆ ಮಾತು.

ಇನ್ನೊಂದು ತಕರಾರು ತಾಪಮಾನದ್ದು. ಇಆರ್‌ಎ5ದ ಹಳೆಯ ಫೈಲುಗಳಲ್ಲಿ ಅಂಕಿಗಳನ್ನು 16 ಬಿಟ್ ಪೂರ್ಣಾಂಕವಾಗಿ ಒತ್ತಿ, ಬಿಚ್ಚಲು ಬೇಕಾದ ಸ್ಕೇಲ್ ಫ್ಯಾಕ್ಟರ್ (ಗುಣಿಸುವ ಅಂಕಿ), ಆಡ್ ಆಫ್‌ಸೆಟ್ (ಸೇರಿಸುವ ಅಂಕಿ) ಜೊತೆಗಿಟ್ಟಿರುತ್ತಾರೆ. ಫೈಲಿಂದ ಫೈಲಿಗೆ ಅವು ಬೇರೆ. ಓದುವಾಗ ಎಲ್ಲ ಸರಿಯಾಗಿಯೇ ಬರುತ್ತದೆ. ಕೂಡಿಸಿ ಸೇವ್ ಮಾಡುವಾಗ ಎಕ್ಸ್‌ಅರೇ ಮೊದಲ ಫೈಲಿನ ಅಳತೆಯಲ್ಲೇ ಎಲ್ಲವನ್ನೂ ಒತ್ತುತ್ತದೆ. 16 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಅಂಕಿ 32767, ಅದನ್ನು ದಾಟಿದ್ದು ಸೀದಾ ಕೆಳತುದಿಗೆ ಬೀಳುತ್ತದೆ. ಹಾಗಾಗಿ ಮೇ ತಿಂಗಳ ರಾಯಚೂರು, ನೆತ್ತಿ ಸುಡುವ ಮಧ್ಯಾಹ್ನವೇ, ನನ್ನ ಫೈಲಿನಲ್ಲಿ ಕಂಬಳಿ ಹೊದೆಯುವ ಚಳಿಯಾಗಿ ಕೂತಿತ್ತು. ಸೇವ್ ಮಾಡುವ ಮುನ್ನ, ಈ ಒತ್ತುವ ಅಳತೆಯನ್ನು ತೆಗೆದುಹಾಕುವ ‘ಡ್ರಾಪ್ ಎನ್‌ಕೋಡಿಂಗ್’ ಒಂದು ಸಲ ಓಡಿಸಿದರೆ ಈ ಕಾಟ ಇಲ್ಲ, ಫೈಲ್ ಮಾತ್ರ ದಪ್ಪಗಾಗುತ್ತದೆ.

ಎಕ್ಸ್‌ಅರೇಗೆ ನನ್ನ ಅಂಕ ಐದಕ್ಕೆ ಮೂರೂವರೆ. ಯೂನಿಟ್ಸ್ ತಾಳೆಯಾಗದಾಗ ಕೇಳದೆಯೇ ಒಂದು ಸಾಲು ಗದರಿಸಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.