ಕೇರ್ ಕಂಪೇರ್: ನಕ್ಷತ್ರ ಬಿಡಿ, ಗಂಟೆ ನೋಡಿ

ನಮ್ಮೂರ ಕಡೆ ನರ್ಸಿಂಗ್ ಹೋಂ ಎಂದರೆ ಹೆರಿಗೆಗೋ ಹರ್ನಿಯಾಕ್ಕೋ ಸೇರುವ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರಿನ ಜಾಗದಲ್ಲಿ ಹಿರಿಯರು ವರ್ಷಗಟ್ಟಲೆ ಇರುತ್ತಾರೆ. ಅಪ್ಪ-ಅಮ್ಮನಿಗೆ ಅಂಥದ್ದೊಂದನ್ನು ಹುಡುಕುವ ಅಲ್ಲಿನ ಕನ್ನಡಿಗರು ಮೊದಲು ತೆರೆಯಬೇಕಾದದ್ದು ಮೆಡಿಕೇರ್‌ನ (ಹಿರಿಯರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆ) ಕೇರ್ ಕಂಪೇರ್ ಜಾಲತಾಣ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ, ಜಿಪ್ ಕೋಡ್ ಹಾಕಿದರೆ ಸಾಕು.

ತೆರೆದ ಕೂಡಲೇ ಕಣ್ಣಿಗೆ ಬೀಳುವ ಐದು ನಕ್ಷತ್ರಗಳನ್ನು ಪೂರ್ತಿ ನಂಬಬೇಡಿ. ತಪಾಸಣೆ, ಸಿಬ್ಬಂದಿ, ಗುಣಮಟ್ಟ ಮೂರನ್ನೂ ಸೇರಿಸಿ ಕಲಸಿದ ಅಂಕ ಅದು. ಗುಣಮಟ್ಟದ ಅಂಕಿಗಳಲ್ಲಿ ಹಲವನ್ನು ಬರೆದುಕೊಡುವವರು ಹೋಮಿನವರೇ. ಒಳಗಿನ ಸಿಬ್ಬಂದಿ ಪುಟಕ್ಕೆ ಹೋಗಿ. ಒಬ್ಬ ನಿವಾಸಿಗೆ ದಿನಕ್ಕೆ ಎಷ್ಟು ಗಂಟೆ ಆರೈಕೆ ಎಂಬುದು ಅಲ್ಲಿ ಆರ್‌ಎನ್ (ನೋಂದಾಯಿತ ನರ್ಸ್), ಎಲ್‌ಪಿಎನ್ (ಅವರಿಗಿಂತ ಕೆಳಗಿನ ಹಂತದ ನರ್ಸ್), ಏಡ್ (ಕೈಯಾರೆ ಆರೈಕೆ ಮಾಡುವ ಸಹಾಯಕಿ) ಎಂದು ಬೇರೆ ಬೇರೆಯಾಗಿ ಇದೆ, ಪಕ್ಕದಲ್ಲೇ ರಾಜ್ಯದ ಮತ್ತು ದೇಶದ ಸರಾಸರಿ. ಹಿಂದೆ ತಪಾಸಣೆಯ ಹೊತ್ತಿಗೆ ಎರಡು ವಾರದ ಲೆಕ್ಕ ಬರೆದುಕೊಟ್ಟರೆ ಮುಗಿಯುತ್ತಿತ್ತು. ಈಗಿನದು ಸಂಬಳದ ದಾಖಲೆಯಿಂದ ಬರುವ ಅಂಕಿ. ಈ ತಾಣದ ನಿಜವಾದ ಬೆಲೆ ಇರುವುದು ಇಲ್ಲೇ.

ಅಳೆಯಲು ಒಂದು ಗಜಕಡ್ಡಿ ಬೇಕಲ್ಲ? 2024ರ ಕೇಂದ್ರ ನಿಯಮ ಒಬ್ಬ ನಿವಾಸಿಗೆ ದಿನಕ್ಕೆ ಒಟ್ಟು 3.48 ಗಂಟೆ ಕೇಳಿತ್ತು, ಅದರಲ್ಲಿ ಆರ್‌ಎನ್ ಕನಿಷ್ಠ 0.55, ಏಡ್ ಕನಿಷ್ಠ 2.45. 2025ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಫೆಡರಲ್ ಕೋರ್ಟ್ ಅದರ ಮುಖ್ಯ ಭಾಗವನ್ನು ಹೊಡೆದುಹಾಕಿತು, ಡಿಸೆಂಬರ್‌ನಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. ಕಾನೂನಾಗಿ ಸತ್ತರೂ ಅಳತೆಯಾಗಿ ಬಳಸಿ. ನೂರು ಜನರಿದ್ದರೆ ಏಡ್‌ಗಳದ್ದು 2.45ರಂತೆ 245 ಗಂಟೆ, ಅಂದರೆ ಎಂಟು ಗಂಟೆಯ ಸುಮಾರು 31 ಪಾಳಿ. ಬೆಳಿಗ್ಗೆ 12, ಸಂಜೆ 11, ರಾತ್ರಿ 8 ಎಂದು ಹಂಚಿದರೆ ಬೆಳಗಿನ ಏಡ್ ಒಬ್ಬಳಿಗೆ ಎಂಟು ಜನ: ಎಬ್ಬಿಸಿ, ಶೌಚಕ್ಕೆ ಕರೆದೊಯ್ದು, ಮೈ ಒರೆಸಿ, ಬಟ್ಟೆ ತೊಡಿಸಿ, ತಿಂಡಿಗೆ ಕೂರಿಸಬೇಕು. ಅವರಲ್ಲೊಬ್ಬರನ್ನು ಹಾಸಿಗೆಯಿಂದ ಲಿಫ್ಟ್ ಯಂತ್ರದಲ್ಲಿ ಎತ್ತಬೇಕಾದರೆ ಸಾಮಾನ್ಯವಾಗಿ ಇಬ್ಬರು ಬೇಕು. ಆಚೆ ಕೋಣೆಯ ಏಡ್ ಕೈಹಾಕಲು ಬಂದಷ್ಟು ಹೊತ್ತು ಅವಳ ಕಡೆಯ ಕರೆಗಂಟೆಗಳು ಬಡಿದುಕೊಳ್ಳುತ್ತಲೇ ಇರುತ್ತವೆ. ಬೀಳುವುದು, ಹಾಸಿಗೆ ಹುಣ್ಣಾಗುವುದು ಇಂಥ ಹೊತ್ತಿನಿಂದಲೇ ಶುರು.

ಕೊರತೆಗಳೂ ಇವೆ. ಅಂಕಿ ತಿಂಗಳುಗಟ್ಟಲೆ ಹಳೆಯದು. ಆರ್‌ಎನ್ ಗಂಟೆಯಲ್ಲಿ ಕಚೇರಿಯಲ್ಲಿ ಕೂರುವ ನರ್ಸಿಂಗ್ ನಿರ್ದೇಶಕರ ಹೊತ್ತೂ ಸೇರಿರುತ್ತದೆ. ಸರಾಸರಿಯಲ್ಲಿ ರಾತ್ರಿಪಾಳಿ ಕಾಣುವುದೇ ಇಲ್ಲ. ಅದಕ್ಕೇ ವಾರಾಂತ್ಯದ ಗಂಟೆ ಮತ್ತು ಸಿಬ್ಬಂದಿ ಬಿಟ್ಟುಹೋಗುವ ಶೇಕಡಾವಾರು, ಇವೆರಡನ್ನು ತಪ್ಪದೆ ನೋಡಿ. ವಾರಾಂತ್ಯದ ಅಂಕಿ ತೀರಾ ಕುಸಿದಿದ್ದರೆ ಉಳಿದದ್ದು ಎಷ್ಟೇ ಚೆಂದವಿದ್ದರೂ ಪಟ್ಟಿಯಿಂದ ತೆಗೆಯಿರಿ. ಅಸಿಸ್ಟೆಡ್ ಲಿವಿಂಗ್ ಮನೆಗಳು (ದಿನದ ಕೆಲಸಗಳಿಗಷ್ಟೇ ನೆರವು ಬೇಕಾದ ಹಿರಿಯರ ವಸತಿ) ಇಲ್ಲಿ ಸಿಗುವುದಿಲ್ಲ, ಹುಡುಕಬೇಡಿ.

ರಾಜ್ಯದ ಕನಿಷ್ಠ ಮಿತಿಯನ್ನು ನೀವೇ ತಿಳಿದುಕೊಂಡು ಹೋಗಿ. ಕ್ಯಾಲಿಫೋರ್ನಿಯದಲ್ಲಿ 3.5 ಗಂಟೆ. ನ್ಯೂಜೆರ್ಸಿಯಲ್ಲಿ ಹಗಲು ಎಂಟು ಜನಕ್ಕೆ, ರಾತ್ರಿ ಹದಿನಾಲ್ಕು ಜನಕ್ಕೆ ಆರೈಕೆ ಸಿಬ್ಬಂದಿ ಒಬ್ಬರು. 2024ಕ್ಕೂ ಮೊದಲಿನಿಂದ ಇರುವ, ಈಗಲೂ ನಡೆಯುವ ಕೇಂದ್ರದ ಹಳೆಯ ನಿಯಮ ಬಹಳ ಸಡಿಲ: ಆರ್‌ಎನ್ ದಿನಕ್ಕೆ ಎಂಟು ಗಂಟೆ ಇದ್ದರೆ ಸಾಕು.

ಪಟ್ಟಿ ಮೂರಕ್ಕಿಳಿದ ಮೇಲೆ ಭಾನುವಾರ ಸಂಜೆ ಹೋಗಿ ನೋಡಿ. ಆ ದಿನದ ನಿವಾಸಿಗಳ ಸಂಖ್ಯೆ, ಪಾಳಿವಾರು ನರ್ಸ್ ಮತ್ತು ಏಡ್ ಗಂಟೆಗಳನ್ನು ಎಲ್ಲರಿಗೂ ಕಾಣುವಂತೆ ಹಾಕುವುದು ಕಡ್ಡಾಯ. ಆ ಹಾಳೆಗಳನ್ನು 18 ತಿಂಗಳು ಇಟ್ಟುಕೊಂಡು ಕೇಳಿದವರಿಗೆ ತೋರಿಸಲೂಬೇಕು. ಕಳೆದ ತಿಂಗಳ ಭಾನುವಾರಗಳದ್ದನ್ನು ಕೇಳಿ ಪಡೆಯಿರಿ.