ಸಾಕುಪ್ರಾಣಿಯ ಕ್ಲೋನಿಂಗ್: ವಯಾಜೆನ್ ಸೇವೆಯಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಅಮೆರಿಕದ ಟೆಕ್ಸಸ್‌ನ ವಯಾಜೆನ್ ಕಂಪನಿ ಸಾಕುಪ್ರಾಣಿ ಸಾಕುವವರಿಗೆ ಎರಡು ಸೇವೆ ಕೊಡುತ್ತದೆ. ಒಂದು, ಪ್ರಾಣಿಯ ಜೀವಕೋಶಗಳನ್ನು ಕಾಪಿಡುವುದು. ಇನ್ನೊಂದು, ಆ ಕೋಶದಿಂದ ತದ್ರೂಪಿ ಮರಿ ಹುಟ್ಟಿಸುವುದು. ಮೊದಲನೆಯದು ಗಟ್ಟಿ ಕೆಲಸ. ಎರಡನೆಯದಕ್ಕೆ ನಾಯಿಯೊಂದಕ್ಕೆ ಸುಮಾರು 50,000 ಡಾಲರ್ ಆಗುತ್ತದೆ. ಹೆಚ್ಚಿನವರು ಬಯಸುವುದು ಅದರಿಂದ ಸಿಗುವುದಿಲ್ಲ.

ಕೋಶ ಸಂಗ್ರಹವನ್ನು ಪ್ರಾಣಿ ಬದುಕಿದ್ದಾಗಲೇ ಮಾಡಿಸುವುದು ಒಳ್ಳೆಯದು. ಪಶುವೈದ್ಯರು ಕೆಲವೇ ಮಿಲಿಮೀಟರ್ ಅಗಲದ ಚರ್ಮದ ಚೂರುಗಳನ್ನು ತೆಗೆದು, ತಂಪಾಗಿ ಇರುವಂತೆ ಲ್ಯಾಬ್‌ಗೆ ಕಳಿಸುತ್ತಾರೆ. ಅಲ್ಲಿ ಕೋಶಗಳನ್ನು ಬೆಳೆಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ರೋಮ ಬೋಳಿಸಿ ಚರ್ಮವನ್ನು ಸರಿಯಾಗಿ ಶುಚಿ ಮಾಡದಿದ್ದರೆ ಬ್ಯಾಕ್ಟೀರಿಯಾ, ಶಿಲೀಂಧ್ರ ಸೇರಿಕೊಂಡು ಬೆಳೆಸುತ್ತಿರುವ ಕೋಶಗಳೆಲ್ಲ ಕೆಡುತ್ತವೆ. ಪ್ರಾಣಿ ಸತ್ತುಹೋಗಿದ್ದರೆ ದೇಹಕ್ಕೆ ಒದ್ದೆ ಬಟ್ಟೆ ಸುತ್ತಿ ಫ್ರಿಜ್‌ನಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಇಡಲೇಬಾರದು: ನೀರು ಹರಳುಗಟ್ಟಿ ಕೋಶದ ಪೊರೆ ಹರಿದುಹೋಗುತ್ತದೆ. ಲ್ಯಾಬ್‌ನಲ್ಲಿ ರಕ್ಷಕ ದ್ರಾವಣ ಬೆರೆಸಿ ನಿಧಾನವಾಗಿ ತಣಿಸುವುದರಿಂದಲೇ ಅವು ಉಳಿಯುವುದು. ಐದು ದಿನದವರೆಗೆ ಅವಕಾಶವಿದೆ ಎನ್ನುತ್ತಾರೆ, ಆದರೆ ಒಂದೊಂದು ದಿನ ತಡವಾದಷ್ಟೂ ಬದುಕಿರುವ ಕೋಶ ಕಡಿಮೆ.

ಇನ್ನು ಕ್ಲೋನಿಂಗ್. ಬೇರೊಂದು ಹೆಣ್ಣಿನ ಅಂಡಾಣುವಿನ ಕೋಶಕೇಂದ್ರ ತೆಗೆದು, ಅದರೊಳಗೆ ನಿಮ್ಮ ಪ್ರಾಣಿಯ ಕೋಶ ಇಟ್ಟು, ವಿದ್ಯುತ್ ಮಿಡಿತದಿಂದ ಎರಡನ್ನೂ ಬೆಸೆಯುತ್ತಾರೆ. ಭ್ರೂಣ ಬಾಡಿಗೆ ತಾಯಿಯ ಗರ್ಭಕ್ಕೆ ಹೋಗುತ್ತದೆ. ನಾಯಿಯಲ್ಲಿ ಇದು ವಿಶೇಷವಾಗಿ ಕಷ್ಟ. ಅದರ ಅಂಡಾಣು ಬಲಿಯುವ ಮೊದಲೇ ಬಿಡುಗಡೆಯಾಗಿ, ಅಂಡನಾಳದಲ್ಲಿ ಎರಡು ಮೂರು ದಿನ ಕಳೆದ ಮೇಲೆ ಬಲಿಯುತ್ತದೆ. ಅಂದರೆ ಶಸ್ತ್ರಚಿಕಿತ್ಸೆ ಮಾಡಿ ಅಲ್ಲಿಂದಲೇ ತೊಳೆದು ತೆಗೆಯಬೇಕು. 2005ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಹುಟ್ಟಿದ ಮೊದಲ ತದ್ರೂಪಿ ನಾಯಿ ಸ್ನಪ್ಪಿಗಾಗಿ 1,095 ಭ್ರೂಣಗಳನ್ನು 123 ನಾಯಿಗಳಿಗೆ ಹಾಕಿದ್ದರು. ಹುಟ್ಟಿದ್ದು ಎರಡು, ಉಳಿದದ್ದು ಒಂದು. ಅಂದಿನಿಂದ ತಂತ್ರ ಸುಧಾರಿಸಿದೆ. ಆದರೆ ಚರ್ಮದ ಕೋಶದಲ್ಲಿ ಮುಚ್ಚಿಹೋಗಿದ್ದ ಜೀನ್‌ಗಳನ್ನೆಲ್ಲ ಅಂಡಾಣು ಕೆಲವೇ ಗಂಟೆಗಳಲ್ಲಿ ಮತ್ತೆ ಹೊಂದಿಸಬೇಕು, ಬಹುಪಾಲು ಭ್ರೂಣಗಳು ಎಡವುವುದು ಅಲ್ಲೇ. ಅಂಡಾಣು ಕೊಟ್ಟ, ಗರ್ಭ ಹೊತ್ತ ನಾಯಿಗಳ ನೋವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಹುಟ್ಟಿದ ಮರಿಯ ಬಣ್ಣವೂ ಒಂದೇ ಆಗಿರಬೇಕೆಂದಿಲ್ಲ. 2001ರಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕು ಸಿಸಿ; ಅದಕ್ಕೆ ಕೋಶ ಕೊಟ್ಟ ಬೆಕ್ಕು ರೇನ್‌ಬೋ ಮೂರು ಬಣ್ಣದ್ದು. ಸಿಸಿಗೆ ಕಿತ್ತಳೆ ಬಣ್ಣವೇ ಬರಲಿಲ್ಲ. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಸುಪ್ತವಾಗುತ್ತದೆ; ಸಿಸಿಗಾಗಿ ಬಳಸಿದ ಕೋಶದಲ್ಲಿ ಸುಪ್ತವಾಗಿದ್ದದ್ದು ಕಿತ್ತಳೆಯ ಜೀನ್ ಇದ್ದದ್ದೇ. ಸ್ವಭಾವವಂತೂ ಬಹುಮಟ್ಟಿಗೆ ಗರ್ಭ, ಆಹಾರ, ಒಡನಾಟಗಳಿಂದ ಹೊಸದಾಗಿ ರೂಪುಗೊಳ್ಳುವಂಥದ್ದು. ಕಳೆದುಕೊಂಡ ನಾಯಿಯನ್ನೇ ಮರಳಿ ಪಡೆಯುವ ಆಸೆಯಿಂದ ಈ ಸೇವೆ ತೆಗೆದುಕೊಳ್ಳಬೇಡಿ.

ಇದೇ ಕಂಪನಿಯ ಕೈಚಳಕ ನಿಜವಾಗಿ ಬೆಲೆ ಪಡೆದದ್ದು ಕಪ್ಪು ಪಾದದ ಫೆರೆಟ್ ಎಂಬ, ಅಳಿವಿನಂಚಿನಲ್ಲಿರುವ ಅಮೆರಿಕದ ಸಣ್ಣ ಬೇಟೆಗಾರ ಪ್ರಾಣಿಯ ವಿಷಯದಲ್ಲಿ. ತದ್ರೂಪಿಗಳನ್ನು ಬಿಟ್ಟರೆ ಈಗಿರುವ ಈ ಜಾತಿಯ ಫೆರೆಟ್‌ಗಳೆಲ್ಲ ಏಳು ಪ್ರಾಣಿಗಳ ಸಂತತಿ, ಆದ್ದರಿಂದ ಒಳಸಂತಾನದ ತೊಂದರೆ ಬೆನ್ನಿಗಂಟಿದೆ. ಆ ಏಳರಲ್ಲಿ ಇಲ್ಲದ ವಿಲ್ಲಾ ಎಂಬ ಹೆಣ್ಣಿನ ಕೋಶಗಳನ್ನು 1988ರಲ್ಲೇ ತೆಗೆದಿಟ್ಟಿದ್ದರು. 2020ರ ಡಿಸೆಂಬರ್ 10ರಂದು ಅದರಿಂದ ಎಲಿಜಬೆತ್ ಆ್ಯನ್ ಹುಟ್ಟಿತು. ಮತ್ತೊಂದು ತದ್ರೂಪಿ ಆ್ಯಂಟೋನಿಯಾ 2024ರಲ್ಲಿ ಮರಿ ಹಾಕಿತು. ಅಂಡಾಣು ಸಾಕು ಫೆರೆಟ್‌ನದ್ದಾದ್ದರಿಂದ ತದ್ರೂಪಿಯ ಮೈಟೊಕಾಂಡ್ರಿಯಾವೂ (ಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಜೀನ್ ಇರುವ ಭಾಗ) ಅದರದ್ದೇ. ಅದು ತಾಯಿಯಿಂದಷ್ಟೇ ಮುಂದಕ್ಕೆ ಹೋಗುವುದರಿಂದ, ಗಂಡು ಮರಿಗಳ ಮೂಲಕ ವಂಶ ಬೆಳೆಸಿದರೆ ಆ ಕಲಬೆರಕೆ ನಿಲ್ಲುತ್ತದೆ.

ಆದರೂ ಕ್ಲೋನಿಂಗ್ ಕೊಡುವುದು ಜೀನ್ ವೈವಿಧ್ಯವನ್ನಷ್ಟೇ, ನೆಲೆಯನ್ನಲ್ಲ. ಫೆರೆಟ್‌ನ ಆಹಾರದಲ್ಲಿ ಸುಮಾರು 90 ಶೇಕಡಾ ಪ್ರೇರಿ ಡಾಗ್ ಎಂಬ, ಅಳಿಲಿನ ಬಳಗದ ಪ್ರಾಣಿ, ವಾಸವೂ ಅದರ ಬಿಲದಲ್ಲೇ. ಚಿಗಟ ಹರಡುವ ಪ್ಲೇಗ್ ಬಂದರೆ ಬೇಟೆ, ಬೇಟೆಗಾರ ಎರಡೂ ಸಾಯುತ್ತವೆ. ಹಾಗಾಗಿ ಬಿಲಗಳಿಗೆ ಚಿಗಟನಾಶಕ ಪುಡಿ ಹಾಕುವ, ಫೆರೆಟ್‌ಗಳಿಗೆ ಲಸಿಕೆ ಚುಚ್ಚುವ ಕೆಲಸ ತದ್ರೂಪಿ ಹುಟ್ಟಿದ ಮೇಲೂ ಮೊದಲಿನಷ್ಟೇ ನಡೆಯಬೇಕು.