ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಬದಲಾಯಿಸಿದ್ರೆ ಸ್ಪೀಡ್ ಬರುತ್ತೆ ಅನ್ನೋರಿಗೆ ದುಡ್ಡು ಕೊಡಬೇಡಿ

ಬೆಂಗಳೂರಿನ ಜೆ.ಸಿ. ರಸ್ತೆ, ಎಸ್‌.ಪಿ. ರಸ್ತೆ ಕಡೆ ಅಂಗಡಿ ಇಟ್ಟುಕೊಂಡು, ಬಿಲ್ಲಿಂಗ್‌ಗೆ ಪೈಥಾನ್ ಭಾಷೆಯಲ್ಲಿ ಸ್ವಂತ ಪ್ರೋಗ್ರಾಂ ಬರೆಸಿಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ಪರ್ಫಾರ್ಮೆನ್ಸ್ ಕನ್ಸಲ್ಟೆಂಟ್’ ಅಂತ ಹೇಳಿಕೊಂಡು ಒಬ್ಬ ಓಡಾಡುತ್ತಿದ್ದಾನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಲೀಗಲ್ ನೋಟಿಸ್ ಕಳಿಸ್ತೀನಿ ಅಂತ ಆಗಲೇ ಹೆದರಿಸಿದ್ದಾನೆ. ಅವನ ಮಾತಿನ ವರಸೆ ಹೇಳಿದರೆ ಸಾಕು, ಸಿಕ್ಕಾಗ ನಿಮಗೇ ಗೊತ್ತಾಗುತ್ತೆ.

ನಮ್ಮದು ಆಟೋ ಸ್ಪೇರ್ ಪಾರ್ಟ್ಸ್ ಹೋಲ್‌ಸೇಲ್. 2023ರ ಆಗಸ್ಟ್‌ನಿಂದ 5 ಕೋಟಿ ಮೀರಿದ ವಹಿವಾಟಿಗೆ ಇ-ಇನ್‌ವಾಯ್ಸ್ ಕಡ್ಡಾಯ ಆಯ್ತಲ್ಲ, ಆಗ ಒಬ್ಬ ಹುಡುಗನ ಕೈಲಿ ಪ್ರೋಗ್ರಾಂ ಬರೆಸಿದ್ದೆ. ಒಂದು ಬಿಲ್ ಹೊಡೆದರೆ ಅದು ಮಧ್ಯದ ಕಂಪನಿಯೊಂದರ ಸರ್ವರ್‌ಗೆ ಹೋಗಿ ಒಳಗೆ ಬಿಡುವ ಟೋಕನ್ ತರಬೇಕು, ಐಆರ್‌ಎನ್ (ಸರ್ಕಾರಿ ಪೋರ್ಟಲ್‌ನಲ್ಲಿ ಬಿಲ್ ನೋಂದಾಯಿಸಿದ್ದಕ್ಕೆ ಸಿಗುವ ನಂಬರ್) ತರಬೇಕು, ಮಾಲು ಹೊರಗೆ ಹೋಗುವುದಾದರೆ ಇ-ವೇ ಬಿಲ್ ತರಬೇಕು. ಮೂರು ಸಲ ಎಚ್‌ಟಿಟಿಪಿಎಸ್ ಕನೆಕ್ಷನ್. ಚೆನ್ನಾಗೇ ನಡೀತಿತ್ತು. ಅಂಗಡಿಗೆ ಹೊಸ ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿಸಿದ ಮೇಲೆ ಪ್ರತಿ ಕನೆಕ್ಷನ್‌ಗೂ ಐದು ಸೆಕೆಂಡ್ ಕಾಯುವ ಹಾಗಾಯಿತು. ಒಂದು ಬಿಲ್‌ಗೆ ಹದಿನೈದು ಸೆಕೆಂಡ್. ಗ್ಯಾರೇಜ್ ಹುಡುಗರು ಕೌಂಟರ್ ಮುಂದೆ ಗಾಡಿ ಕೀಲಿ ಕುಣಿಸುತ್ತಾ ನಿಂತಿರ್ತಾರೆ. ಅಪ್ಪ ಹಿಂದಿನಿಂದ, ಎಲ್ಲರಿಗೂ ಕೇಳಿಸೋ ಹಾಗೆ, ‘ಕೈಲಿ ಬರೆಯೋ ಬಿಲ್ ಬುಕ್ಕೇ ವಾಸಿ ಕಣೋ’ ಅಂತಾರೆ. ವಿಚಿತ್ರ ಏನಂದ್ರೆ ಅದೇ ಕಂಪ್ಯೂಟರ್‌ನಲ್ಲಿ ಬ್ರೌಸರ್ ತೆರೆದರೆ ಅದೇ ಸರ್ವರ್ ಪಟ್ ಅಂತ ಬರುತ್ತೆ. ಪೈಥಾನ್‌ನಿಂದ ಮಾತ್ರ ನಿಧಾನ. ಬರೆದ ಹುಡುಗ ಬೇರೆ ಕೆಲಸ ಸಿಕ್ಕಿ ಹೋಗಿದ್ದ. ಆಗ ಸಿಕ್ಕಿದವನು ಈ ಮಹಾಶಯ.

ಬಂದ, ಕೂತ, ಸ್ಕ್ರೀನ್ ನೋಡಿದ. ‘ಸರ್, ಇದು ಎಸ್‌ಎಸ್‌ಎಲ್ ಹ್ಯಾಂಡ್‌ಶೇಕ್ ಇಶ್ಯೂ. ಪೈಥಾನ್ ಎಸ್‌ಎಸ್‌ಎಲ್‌ನಲ್ಲಿ ವೀಕು. ನಿಮ್ಮದು ಫ್ರೀ ಸರ್ಟಿಫಿಕೇಟ್ ಬೇರೆ. ಪ್ರೀಮಿಯಂ ಹಾಕಿದ್ರೆ ಹಾರುತ್ತೆ.’ (ಎಸ್‌ಎಸ್‌ಎಲ್ ಅಂದ್ರೆ ಸರ್ವರ್ ಜೊತೆಗಿನ ಮಾತನ್ನು ಗುಟ್ಟಾಗಿಡುವ ವ್ಯವಸ್ಥೆ, ಹ್ಯಾಂಡ್‌ಶೇಕ್ ಅಂದ್ರೆ ಅದರ ಶುರುವಿನ ಪರಿಚಯ, ಸರ್ಟಿಫಿಕೇಟ್ ಅಂದ್ರೆ ಸರ್ವರ್‌ನ ಗುರುತಿನ ಚೀಟಿ.) ಅಡ್ವಾನ್ಸ್ 15,000, ಸರ್ಟಿಫಿಕೇಟ್‌ಗೆ 9,000. ಬಿಲ್ ಕೇಳಿದ್ದಕ್ಕೆ ‘ಆಮೇಲೆ ಮೇಲ್ ಮಾಡ್ತೀನಿ ಸರ್’ ಅಂದ. ಇವತ್ತಿಗೂ ಬಂದಿಲ್ಲ.

ಆಮೇಲೆ ಡೆಮೊ. ತನ್ನ ಲ್ಯಾಪ್‌ಟಾಪ್ ತೆಗೆದು ನಮ್ಮ ಪ್ರೋಗ್ರಾಂ ಓಡಿಸಿದ. ಕಣ್ಣು ಮಿಟುಕಿಸೋದ್ರಲ್ಲಿ ಐಆರ್‌ಎನ್ ಬಂತು. ‘ನೋಡಿದ್ರಾ ಸರ್?’ ಅಂದ. ಅಪ್ಪ ಅವನಿಗೆ ಕಾಫಿ ತರಿಸಿದರು. ಆ ಕಾಫಿ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಯಾಕಂದ್ರೆ ಆ ಲ್ಯಾಪ್‌ಟಾಪ್ ನಮ್ಮ ವೈಫೈನಲ್ಲೇ ಇರಲಿಲ್ಲ, ಅವನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿತ್ತು!

ಅವನು ಹೋದ ಮೇಲೆ ಕೌಂಟರ್ ಕಂಪ್ಯೂಟರ್‌ನಲ್ಲಿ ಮತ್ತೆ ಅದೇ ಐದು ಸೆಕೆಂಡ್. ಫೋನ್ ಮಾಡಿದೆ. ‘ನಮ್ಮ ಕಡೆ ಫೈನ್ ಇದೆ ಸರ್, ನಿಮ್ಮ ಸಿಸ್ಟಮ್ ಹಳೇದು, ರ‍್ಯಾಮ್ ಹಾಕ್ಸಿ.’ ರ‍್ಯಾಮ್ ಯಾಕೆ, ಬ್ರೌಸರ್ ಚೆನ್ನಾಗೇ ಓಡುತ್ತಲ್ಲ ಅಂದೆ. ‘ಅದು ಲೇಟೆನ್ಸಿ ಸರ್, ಹೇಳಿದ್ರೆ ನಿಮಗೆ ಅರ್ಥ ಆಗಲ್ಲ.’ ನಾನು ಓದಿದ್ದು ಬಿ.ಕಾಂ. ನಿಜ. ಅದಕ್ಕೆ ಹೀಗಾ ಮಾತಾಡೋದು?

ಕೊನೆಗೆ ನನ್ನ ಚಿಕ್ಕಮ್ಮನ ಮಗಳು ಬಂದು ನೋಡಿದಳು. ಅವಳು ವೈಟ್‌ಫೀಲ್ಡ್‌ನಲ್ಲಿ ಇದೇ ಕೆಲಸ ಮಾಡೋದು. ಮೊದಲ ಪ್ರಶ್ನೆಯೇ, ‘ಅಣ್ಣಾ, ಪ್ರತಿ ಸಲ ಸರಿಯಾಗಿ ಐದೇ ಸೆಕೆಂಡಾ?’ ಹೌದು ಅಂದೆ. ‘ಹಾಗಾದ್ರೆ ಇದು ನಿಧಾನ ಅಲ್ಲ, ಟೈಮ್ಔಟ್. ನೆಟ್ ನಿಧಾನ ಇದ್ರೆ ಒಂದ್ಸಲ ಮೂರು, ಒಂದ್ಸಲ ಏಳು ಆಗುತ್ತೆ.’ ಕೋಡ್ ತೆಗೆದು ನೋಡಿದರೆ ಟೈಮ್ಔಟ್ 5, ಅಂದರೆ ಐದು ಸೆಕೆಂಡ್ ಕಾದು ಕೈಬಿಡು, ಅಂತಲೇ ಬರೆದಿತ್ತು.

ಟರ್ಮಿನಲ್‌ನಲ್ಲಿ ಆ ಸರ್ವರ್ ವಿಳಾಸಕ್ಕೆ ‘ಕರ್ಲ್ -4’ ಅಂತ ಹೊಡೆದಳು. ಕರ್ಲ್ ಅಂದ್ರೆ ಸರ್ವರ್‌ಗೆ ಹೋಗಿ ಉತ್ತರ ತರುವ ಪುಟ್ಟ ಪ್ರೋಗ್ರಾಂ. ಎಂಟರ್ ಒತ್ತಿ ಕೈ ತೆಗೆಯೋದ್ರೊಳಗೆ ಉತ್ತರ ಬಂತು. ‘ಕರ್ಲ್ -6’ ಹೊಡೆದಳು. ಕರ್ಸರ್ ಮಿನುಗುತ್ತಾ ನಿಂತಿತು. ನಿಂತೇ ಇತ್ತು.

ಕತೆ ಇಷ್ಟೇ. ಆ ಸರ್ವರ್‌ಗೆ ಐಪಿವಿ4 (ಹಳೇ ಬಗೆಯ ಇಂಟರ್ನೆಟ್ ವಿಳಾಸ), ಐಪಿವಿ6 (ಹೊಸ ಬಗೆಯದು) ಎರಡೂ ವಿಳಾಸ ಇದೆ. ಅವಳು ಹೊಡೆದ -4, -6 ಅಂದ್ರೆ ಅದೇ. ನಮ್ಮ ಹೊಸ ರೌಟರ್ ಕಂಪ್ಯೂಟರ್‌ಗೆ ಐಪಿವಿ6 ವಿಳಾಸ ಕೊಟ್ಟಿದೆ, ಆದರೆ ಅದರಲ್ಲಿ ಕಳಿಸಿದ್ದು ಎಲ್ಲಿಗೂ ಹೋಗ್ತಿಲ್ಲ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ವಿಳಾಸಗಳನ್ನು ಒಂದಾದ ಮೇಲೊಂದು ನೋಡುತ್ತೆ. ಮೊದಲು ಐಪಿವಿ6, ಐದು ಸೆಕೆಂಡ್ ಕಾದು, ಕೈಬಿಟ್ಟು, ಆಮೇಲೆ ಐಪಿವಿ4. ಬ್ರೌಸರ್ ಅಷ್ಟು ಕಾಯಲ್ಲ. -4, -6 ಹಾಕದ ಬರೀ ಕರ್ಲ್ ಕೂಡ 200 ಮಿಲಿಸೆಕೆಂಡ್ ನೋಡಿ ಇನ್ನೊಂದನ್ನೂ ಶುರು ಮಾಡಿ, ಯಾವುದು ಮೊದಲು ಸಿಕ್ಕಿತೋ ಅದನ್ನು ಹಿಡಿಯುತ್ತೆ. ಅವನ ಹಾಟ್‌ಸ್ಪಾಟ್‌ನಲ್ಲಿ ಈ ತೊಂದರೆಯೇ ಇರಲಿಲ್ಲ.

ಅಂದರೆ ಆ ಐದು ಸೆಕೆಂಡ್‌ನಲ್ಲಿ ಎಸ್‌ಎಸ್‌ಎಲ್ ಶುರುವೇ ಆಗಿರಲಿಲ್ಲ! ಅದಕ್ಕೂ ಮೊದಲು ಆಗಬೇಕಾದ ಟಿಸಿಪಿ ಕನೆಕ್ಷನ್ನೇ ಸಿಕ್ಕಿರಲಿಲ್ಲ. ಹ್ಯಾಂಡ್‌ಶೇಕ್ ಎಲ್ಲಿಂದ ಬರಬೇಕು? ಇನ್ನು ಆ ಸರ್ಟಿಫಿಕೇಟ್. ಅವನು ಮಾರಿದ್ದು ನಮ್ಮ ಅಂಗಡಿ ವೆಬ್‌ಸೈಟ್‌ನ ಸರ್ಟಿಫಿಕೇಟ್. ಪ್ರೋಗ್ರಾಂ ಹೋಗ್ತಿರೋದು ಬೇರೆ ಕಂಪನಿಯ ಸರ್ವರ್‌ಗೆ, ಅಲ್ಲಿ ಕಾಣಿಸೋದು ಅವರ ಸರ್ಟಿಫಿಕೇಟ್. ನಾವು ಬೇರೆಯವರ ಮನೆ ಬಾಗಿಲು ತಟ್ಟುತ್ತಿದ್ದರೆ, ಇವನು ನಮ್ಮ ಮನೆ ಬಾಗಿಲಿಗೆ ಹೊಸ ಬೀಗ ಮಾರಿದ್ದಾನೆ. 9,000 ರೂಪಾಯಿಗೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಕೋಡ್ ಕೆಳಗೆ ಸರಿಸುತ್ತಾ ಅವಳು ಥಟ್ಟನೆ ನಿಂತಳು. ‘ಇದನ್ನ ಯಾರು ಹಾಕಿದ್ದು?’ ವೆರಿಫೈ=ಫಾಲ್ಸ್. ಅದರ ಮೇಲೆ, ವಾರ್ನಿಂಗ್ ಬರದ ಹಾಗೆ ಬಾಯಿ ಮುಚ್ಚಿಸುವ ಇನ್ನೊಂದು ಸಾಲು. ಅಂದರೆ ಆ ಕಡೆ ಇರೋದು ನಿಜವಾದ ಸರ್ವರ್ರೋ, ಮಧ್ಯದಲ್ಲಿ ಕೂತ ಕಳ್ಳನೋ ಅಂತ ನೋಡೋದನ್ನೇ ನಿಲ್ಲಿಸಿದ್ದಾನೆ. ನಮ್ಮ ಪಾಸ್‌ವರ್ಡ್, ಗಿರಾಕಿಗಳ ಜಿಎಸ್‌ಟಿ ನಂಬರ್, ಎಲ್ಲ ಇದೇ ದಾರಿಯಲ್ಲಿ ಹೋಗೋದು. ಒಂದು ಕಡೆ ‘ಪ್ರೀಮಿಯಂ ಸರ್ಟಿಫಿಕೇಟ್’ ಮಾರಿ, ಇನ್ನೊಂದು ಕಡೆ ಸರ್ಟಿಫಿಕೇಟ್ ನೋಡಲೇಬೇಡ ಅಂತ ಬರೆದು ಹೋಗಿದ್ದಾನೆ. ಅಷ್ಟು ಮಾಡಿಯೂ ಸ್ಪೀಡ್ ಬಂದಿಲ್ಲ ಅನ್ನೋದು ಬೇರೆ ಮಾತು.

ಸ್ಕ್ರೀನ್‌ಶಾಟ್ ಕಳಿಸಿದೆ. ಬ್ಲೂ ಟಿಕ್ ಬಂತು. ತುಂಬಾ ಹೊತ್ತಾದ ಮೇಲೆ ಉತ್ತರ: ‘ಇಂಡಸ್ಟ್ರಿಯಲ್ಲಿ ಎಲ್ರೂ ಹೀಗೇ ಮಾಡ್ತಾರೆ ಸರ್.’ ಸರ್ಟಿಫಿಕೇಟ್ ದುಡ್ಡಾದರೂ ವಾಪಸ್ ಕೊಡಿ ಅಂದೆ. ‘ಅದು ನಾನ್ ರಿಫಂಡಬಲ್ ಸರ್.’ ಅಡ್ವಾನ್ಸ್? ‘ವಿಸಿಟ್ ಚಾರ್ಜ್ ಆಯ್ತು ಸರ್.’ ಮಾತಿಗೊಂದು ಸರ್. ಆಮೇಲೇ ಆ ಲೀಗಲ್ ನೋಟಿಸ್ ಬೆದರಿಕೆ.

ರಿಪೇರಿ ಆಗಿದ್ದು ಹೇಗೆ ಅಂದ್ರೆ, ತಂಗಿ ರೌಟರ್‌ನಲ್ಲಿ ಐಪಿವಿ6 ಆಫ್ ಮಾಡಿದಳು, ಅಷ್ಟೇ. ಬ್ರಾಡ್‌ಬ್ಯಾಂಡ್‌ನವರು ಸರಿ ಮಾಡೋವರೆಗೆ ಹಾಗೇ ಇರಲಿ ಅಂದಳು. ವೆರಿಫೈ=ಫಾಲ್ಸ್ ಕಿತ್ತು ಹಾಕಿ, ಪಾಸ್‌ವರ್ಡ್ ಬದಲಾಯಿಸಿದಳು. ಮೂರು ಸಲ ಹೊಸ ಕನೆಕ್ಷನ್ ಮಾಡುವ ಬದಲು ಒಂದೇ ಸೆಷನ್ ಇಟ್ಟಳು, ಅಂದರೆ ಮೂರಕ್ಕೂ ಒಂದೇ ಕನೆಕ್ಷನ್. ಹ್ಯಾಂಡ್‌ಶೇಕ್‌ಗೂ ಸಮಯ ಹಿಡಿಯುತ್ತಂತೆ, ಟಿಎಲ್‌ಎಸ್ (ಎಸ್‌ಎಸ್‌ಎಲ್‌ನ ಈಗಿನ ಹೆಸರು) 1.2ರಲ್ಲಿ ಎರಡು ಸಲ ಹೋಗಿಬರಬೇಕು, 1.3ರಲ್ಲಿ ಒಂದೇ ಸಲ. ಆದರೆ ಅದೆಲ್ಲ ಮಿಲಿಸೆಕೆಂಡ್ ಲೆಕ್ಕ, ಐದು ಸೆಕೆಂಡ್ ಅಲ್ಲ.

ನಿಮ್ಮಲ್ಲೂ ಬ್ರೌಸರ್ ಬೇಗ, ಪೈಥಾನ್ ನಿಧಾನ ಅಂತ ಇದ್ರೆ ಮೊದಲು ಕರ್ಲ್ -4, ಕರ್ಲ್ -6 ಎರಡೂ ಹೊಡೆದು ನೋಡಿ. ಅದಕ್ಕೆ ಕಾಸು ಬೇಡ. ಯಾರೇ ಬಂದರೂ ಡೆಮೊ ನಿಮ್ಮ ಕಂಪ್ಯೂಟರ್‌ನಲ್ಲಿ, ನಿಮ್ಮ ನೆಟ್‌ನಲ್ಲೇ ತೋರಿಸಲಿ. ಹಾಟ್‌ಸ್ಪಾಟ್ ಆನ್ ಮಾಡಿದ ತಕ್ಷಣ ಎಬ್ಬಿಸಿ ಕಳಿಸಿ. ಬಿಲ್ ಇಲ್ಲದೆ ಅಡ್ವಾನ್ಸ್ ಬೇಡ. ಕಾಫಿನೂ ಬೇಡ.

ನನ್ನ ಫೋನ್ ಈಗ ಅವನು ಎತ್ತುತ್ತಿಲ್ಲ. ಪಕ್ಕದ ಬೇರಿಂಗ್ ಅಂಗಡಿಯವರ ಹತ್ತಿರ ಮೊನ್ನೆ ಬಂದು, ‘ನಿಮ್ಮದೂ ಫ್ರೀ ಸರ್ಟಿಫಿಕೇಟಾ ಸರ್?’ ಅಂತ ಕೇಳಿ ಹೋಗಿದ್ದಾನಂತೆ.